ಪಾದರಸದ ಹದಿನಾಲ್ಕನೆಯ ಆವೃತ್ತಿ

ದಿನಕ್ಕೆ ಅರವತ್ತು ಎಪ್ಪತ್ತು ಸಲ "ಅಲ್ಲಾಡಬೇಡಿ" ಎಂದು ಬೇರೆಯವರಿಗೆ ಹೇಳುವುದು ಅವಳ ಕೆಲಸ. ತಾನು ಮಾತ್ರ ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ. ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಹದಿನಾರು ವರ್ಷಗಳಿಂದ ಟೆಕ್ನಿಷಿಯನ್. ರೋಗಿಯನ್ನು ಯಂತ್ರದ ಮುಂದೆ ನಿಲ್ಲಿಸಿ, ಗದ್ದ ಎತ್ತಿಸಿ, ಭುಜ ಮುಂದೆ ತಳ್ಳಿಸಿ, ಸೀಸದ ಗಾಜಿನ ಹಿಂದಕ್ಕೆ ಓಡಿ ಗುಂಡಿ ಒತ್ತುವಷ್ಟರಲ್ಲಿ ಅವಳ ಎಡಗಾಲು ನೆಲಕ್ಕೆ ಹತ್ತು ಸಲ ತಾಳ ಹಾಕಿರುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಇಟ್ಟ ಅಡ್ಡಹೆಸರು ಪಾದರಸ. ಊಟಕ್ಕೆ ಕೂತವಳು ಮೂರು ತುತ್ತಿಗೊಮ್ಮೆ ಎದ್ದು ಹೋಗಿ ಬರುವುದನ್ನು ನೋಡಿ ಅಮ್ಮ, "ಇವಳ ಕಾಲಿಗೆ ಯಾರು ಚಕ್ರ ಕಟ್ಟಿದ್ರೋ" ಎನ್ನುತ್ತಿದ್ದಳು.

ಅಪ್ಪ ಅಮ್ಮ ಹೋದ ಮೇಲೆ ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅಕ್ಕ. ಅಕ್ಕ ಐದು ವರ್ಷ ದೊಡ್ಡವಳು. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ಕಿತ್ತುಕೊಂಡು ಹೋಗಿತ್ತು. ಮಾತು ಉಳಿದಿತ್ತು, ಏರಿಳಿತವಿಲ್ಲದ, ಒಂದೇ ಮಟ್ಟದಲ್ಲಿ ಸಾಗುವ ಮಾತು. ಎದುರಿನವರ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದಳು. ತಂಗಿಯ ತುಟಿ ಓದುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟ. "ಅರ್ಧ ಮಾತು ಇಲ್ಲಿ ಆಡ್ತಾಳೆ, ಇನ್ನರ್ಧ ಬಚ್ಚಲಿಗೆ ಹೋಗಿ ಆಡ್ತಾಳೆ" ಎಂದು ದೂರುತ್ತಿದ್ದಳು. ಮನೆಯಲ್ಲೇ ಕೂತು ಬಟ್ಟೆ ಅಂಗಡಿಯೊಂದಕ್ಕೆ ಕೋಟು ಪ್ಯಾಂಟುಗಳನ್ನು ಬಿಚ್ಚಿ ಹಿಗ್ಗಿಸುವ, ಕುಗ್ಗಿಸುವ ಹೊಲಿಗೆ ಅವಳದು. ಒಮ್ಮೆ ಕಾಲುಮಣೆಯ ಮೇಲೆ ಪಾದ ಇಟ್ಟಳೆಂದರೆ ಎರಡು ಗಂಟೆ ಏಳುವವಳಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಯಾರೂ ನಂಬುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಒಂದು ಸಂಜೆ. ಬೆಳಗ್ಗೆ ಅವಸರದಲ್ಲಿ ಪಾದರಸ ಕೀ ಮರೆತು ಹೋಗಿದ್ದಳು. ವಾಪಸು ಬಂದಾಗ ಕರೆಂಟಿಲ್ಲ. ಅವರ ಮನೆಯ ಕರೆಗಂಟೆ ಒತ್ತಿದರೆ ಒಳಗೆ ಸದ್ದಾಗುವ ಬದಲು ಒಂದು ಬಲ್ಬು ಹತ್ತುವ ವ್ಯವಸ್ಥೆ. ಕರೆಂಟು ಹೋದರೆ ಅದೂ ಇಲ್ಲ. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿದೆ, ಅಕ್ಕ ಕಿಟಕಿಯ ಬೆಳಕಿಗೆ ಕೂತಿದ್ದಾಳೆ. ಪಾದರಸ ಹನ್ನೊಂದು ಮೆಸೇಜು ಕಳಿಸಿದಳು. ಬಾಗಿಲು ಗುದ್ದಿದಳು. ಮೆಟ್ಟಿಲು ಇಳಿದು ಬೀದಿಗೆ ಹೋಗಿ ಕಿಟಕಿಯತ್ತ ಕೈ ಬೀಸಿದಳು, ಮತ್ತೆ ಹತ್ತಿ ಬಂದಳು, ಮತ್ತೆ ಇಳಿದಳು. ಒಂದೂಮುಕ್ಕಾಲು ಗಂಟೆಯ ಮೇಲೆ ಅಕ್ಕ ದಾರದ ತುಂಡುಗಳನ್ನು ಕೊಡವಲು ಕಿಟಕಿಯಿಂದ ತಲೆ ಹೊರಗೆ ಹಾಕಿದಾಗ ಕೆಳಗೆ ತಂಗಿ ಕುಣಿಯುತ್ತಿದ್ದುದು ಕಂಡಿತು.

"ಫೋನ್ ಎಲ್ಲಿಟ್ಟಿದ್ದೆ?" ಬಾಗಿಲು ತೆರೆದ ಕೂಡಲೇ ಪಾದರಸ ಕೇಳಿದಳು.

"ಇಲ್ಲೇ, ಪಕ್ಕದಲ್ಲೇ." ಅಕ್ಕ ಒಂದು ಕೋಟಿನ ಮಡಿಕೆ ಎತ್ತಿ ತೋರಿಸಿದಳು. "ಅದು ಅದುರೋದು ಬಟ್ಟೆಗೂ ಗೊತ್ತಾಗಲ್ಲ, ಇನ್ನು ನನಗೆಲ್ಲಿ?"

ಪಾದರಸ ಫೋನನ್ನು ಅಂಗೈಯಲ್ಲಿಟ್ಟು ನೋಡಿದಳು. ನಿಜ. ಸತ್ತು ಹೋಗುತ್ತಿರುವ ನೊಣದ ಹಾಗೆ ಒಂದು ಸಣ್ಣ ಕಂಪನ. ಸೆಟ್ಟಿಂಗಿನಲ್ಲಿ ಹುಡುಕಿದಳು; ಹೆಚ್ಚಿಸುವ ದಾರಿಯೇ ಇಲ್ಲ. ಅಂದಿನಿಂದ ಅವಳ ತಲೆಯೊಳಗೆ ಹುಳು ಹೊಕ್ಕಿತು.

ಅವಳು ಎಂಜಿನಿಯರ್ ಅಲ್ಲ. ಆದರೆ ಒಂದು ಯಂತ್ರ ತನ್ನ ಮಾತು ಕೇಳಲಿಲ್ಲವೆಂದರೆ ಸುಮ್ಮನಿರುವ ಜಾತಿಯೂ ಅಲ್ಲ. ಹುಡುಕುತ್ತಾ ಹೋದಂತೆ ತಿಳಿಯಿತು: ಫೋನಿನ ಉಳಿದೆಲ್ಲ ತಂತ್ರಾಂಶಗಳ ಕೆಳಗೆ ಕರ್ನಲ್ ಎಂಬ ಒಂದು ತಿರುಳು ಇರುತ್ತದೆ; ಪರದೆ, ಬ್ಯಾಟರಿ, ಸ್ಪೀಕರು, ಅದುರುವ ಮೋಟಾರು ಎಲ್ಲಕ್ಕೂ ನೇರವಾಗಿ ಅಪ್ಪಣೆ ಕೊಡುವುದು ಅದೇ. ಆ ಮೋಟಾರಿಗೆ ಎಷ್ಟು ವೋಲ್ಟು ಹರಿಸಬೇಕೆಂಬುದು ಅದರೊಳಗೆ ಬರೆದ ಒಂದು ಸಂಖ್ಯೆ, ಅಷ್ಟೆ. ಆ ಸಂಖ್ಯೆಯನ್ನು ಬದಲಿಸಬೇಕಾದರೆ ಕಂಪನಿ ಜಡಿದ ಬೀಗ ತೆಗೆದು ಫೋನನ್ನು ರೂಟ್ ಮಾಡಬೇಕು, ಎಂದರೆ ಅದರ ಪೂರ್ತಿ ಯಜಮಾನಿಕೆ ತನ್ನ ಕೈಗೆ ತೆಗೆದುಕೊಳ್ಳಬೇಕು. ಆಮೇಲೆ ಕಂಪನಿಯ ಕರ್ನಲ್ ತೆಗೆದು ತನ್ನದನ್ನು ಕೂರಿಸಬೇಕು. ಅದೇ ಮಾದರಿಯ ಫೋನಿಗೆ ಯಾರೋ ಒಬ್ಬರು ಹಿಂದೆ ಹಾಗೆ ಮಾಡಿ, ಅಂತರ್ಜಾಲದ ಚರ್ಚಾಕಟ್ಟೆಯೊಂದರಲ್ಲಿ ವಿವರವಾಗಿ ಬರೆದಿಟ್ಟು, ಮೂರು ವರ್ಷಗಳಿಂದ ಪತ್ತೆಯಿರಲಿಲ್ಲ. ಅವರು ಬಿಟ್ಟುಹೋದ ಕಡತಗಳನ್ನು ಪಾದರಸ ಇಳಿಸಿಕೊಂಡಳು. ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಅದೇ ಮಾದರಿಯ, ಗಾಜು ಸೀಳಿದ ಎರಡು ಫೋನುಗಳನ್ನು ಪರೀಕ್ಷೆಗೆಂದು ತಂದಳು.

ಮೊದಲ ಸಲ ಹಾಕಿದಾಗ ಫೋನು ಕಂಪನಿಯ ಚಿಹ್ನೆ ತೋರಿಸಿ ಆರಿತು, ಮತ್ತೆ ಹತ್ತಿ ಚಿಹ್ನೆ ತೋರಿಸಿ ಆರಿತು. ಹೀಗೇ ಇಪ್ಪತ್ತು ನಿಮಿಷ. ಅದನ್ನು ನೋಡುತ್ತಾ ಅವಳೂ ಕೂರುತ್ತಾ ಏಳುತ್ತಾ ಇದ್ದಳು. ಎರಡನೆಯ ಸಲವೂ ಅದೇ. ಒಂಬತ್ತನೆಯ ಸಲಕ್ಕೆ ಪರದೆ ಬಂತು, ಮುಟ್ಟಿದರೆ ಉತ್ತರವಿಲ್ಲ. ಹತ್ತೊಂಬತ್ತನೆಯ ಸಲಕ್ಕೆ ಎಲ್ಲ ಸರಿ, ಆದರೆ ಕ್ಯಾಮರಾ ತೆರೆದರೆ ಜಗತ್ತೆಲ್ಲ ನೇರಳೆ. ಫೋನು ಕುಸಿದು ಬೀಳುವ ಮುನ್ನ ತನ್ನ ಕೊನೆಯ ಕ್ಷಣಗಳನ್ನು ಸಾಲುಸಾಲಾಗಿ ಬರೆದಿಟ್ಟಿರುತ್ತದೆ. ಆ ಸಾಲುಗಳನ್ನು ಓದುವುದನ್ನು ಅವಳು ಕಲಿತಳು. ಎಲುಬಿನ ಚಿತ್ರದಲ್ಲಿ ಕೂದಲೆಳೆಯ ಬಿರುಕು ಹುಡುಕಿ ಪಳಗಿದ ಕಣ್ಣು ಅದಕ್ಕೆ ಒದಗಿತು.

ಮೂಲ ಕಡತಗಳಿಂದ ಕರ್ನಲ್ ಸಿದ್ಧವಾಗಲು ಅವಳ ಹಳೆಯ ಕಂಪ್ಯೂಟರಿಗೆ ಮೂರು ಗಂಟೆ ಬೇಕಿತ್ತು. ಮೂರು ಗಂಟೆ ಕಾಯುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಡ್ಯೂಟಿಗೆ ಹೊರಡುವಾಗ ಶುರುಮಾಡಿ ಹೋಗುವಳು, ಕಾವಲು ಅಕ್ಕನದು. ಅಕ್ಕನಿಗೆ ಅದರ ತಲೆಬುಡ ಗೊತ್ತಿಲ್ಲ. ಪರದೆಯ ಮೇಲೆ ತಪ್ಪು ತೋರಿಸುವ ಕೆಂಪಕ್ಷರ ಬಂತೆಂದರೆ ಫೋಟೋ ತೆಗೆದು "ಕೆಂಪು ಬಂತು" ಎಂದು ಕಳಿಸುವುದು, ಬರದಿದ್ದರೆ "ಇನ್ನೂ ಓಡ್ತಿದೆ" ಎನ್ನುವುದು, ಇಷ್ಟೇ ಅವಳ ಕೆಲಸ. ಒಮ್ಮೆ "ಕೆಂಪು ಬಂತು, ಅನ್ನವೂ ಸೀದಿತು, ಎರಡೂ ನಿನ್ನಿಂದಲೇ" ಎಂದು ಕಳಿಸಿದ್ದಳು.

ಎರಡು ತಿಂಗಳ ಮೇಲೆ, ಒಂದು ರಜೆಯ ಬೆಳಗ್ಗೆ, ಮೇಜಿನ ಮೇಲಿಟ್ಟ ಒಡಕು ಫೋನು ಗುಂಯ್ ಎಂದು ತಿರುಗುತ್ತಾ ಅಂಚಿನವರೆಗೆ ಹರಿದು ಹೋಗಿ ನೆಲಕ್ಕೆ ಬಿತ್ತು. ಅಕ್ಕನ ಅಂಗಾಲಿಗೆ ನೆಲದ ಹಲಗೆಯಿಂದ ಕಂಪನ ತಾಕಿತು. ಅವಳು ಹೊಲಿಗೆ ನಿಲ್ಲಿಸಿ ತಿರುಗಿ ನೋಡಿ ನಕ್ಕಳು. "ಇದೇನು, ಫೋನಿಗೆ ನಿನ್ನ ರೋಗ ಹಚ್ಚಿದ್ಯಾ?"

"ಇನ್ನು ಫೋನ್ ನೋಡ್ತಾ ಕೂರೋದೇ ಬೇಡ ಅಕ್ಕ. ಅದೇ ಒದ್ದು ಕರೆಯುತ್ತೆ."

ಅಂದೇ ಅಕ್ಕನ ಫೋನಿಗೂ ಅದನ್ನು ಹಾಕಿಕೊಟ್ಟಳು. ಅಲ್ಲಿಗೆ ಮುಗಿಯಬಹುದಿತ್ತು. ಬಂದ ಕೆಲಸ ಆಗಿತ್ತು. ಆದರೆ ಕರ್ನಲಿನ ಒಳಗೆ ಕೈ ಹಾಕಿದ ಮೇಲೆ ಅವಳಿಗೆ ಮುಟ್ಟಿದ್ದೆಲ್ಲ ತುರಿಕೆ. ಬ್ಯಾಟರಿ ಇನ್ನೊಂದು ಗಂಟೆ ಯಾಕೆ ಬರಬಾರದು? ಪರದೆಯ ಹಳದಿ ಯಾಕೆ ಹೀಗೆ? ಜೇಬಿನಲ್ಲಿ ಸುಮ್ಮನಿರುವ ಫೋನನ್ನು ಒಳಗೊಳಗೆ ನಿದ್ದೆಗೆಡಿಸುತ್ತಿರುವುದು ಯಾರು? ಒಂದೊಂದನ್ನೇ ಹಿಡಿದು ಸರಿಮಾಡಿ, ತನ್ನದನ್ನು ಆ ಚರ್ಚಾಕಟ್ಟೆಯಲ್ಲಿ ಎಲ್ಲರಿಗೂ ಪುಕ್ಕಟೆ ಹಂಚಿದಳು. ಹೆಸರು ಕೇಳಿದ ಜಾಗದಲ್ಲಿ "ಪಾದರಸ" ಎಂದು ತುಂಬಿದಳು. ಹಳೆಯ ಫೋನನ್ನು ಬಿಡಲಾಗದ, ಬದಲಿಸಲಾಗದ ಜನ ಎಲ್ಲೆಲ್ಲೋ ಇದ್ದರು. ಒಂದು ವರ್ಷದಲ್ಲಿ ಏಳುನೂರಕ್ಕೂ ಹೆಚ್ಚು ಫೋನುಗಳಲ್ಲಿ ಪಾದರಸ ಓಡುತ್ತಿತ್ತು.

ಅವರಲ್ಲಿ ಒಬ್ಬ ಮರ ಕೊಯ್ಯುವ ಮಿಲ್ಲಿನವನು. ಅವನ ಮುಖ ಅವಳು ನೋಡಿಲ್ಲ, ಯಾವ ದೇಶವೋ ಕೇಳಿಲ್ಲ. ಅಂಥ ಪರೀಕ್ಷಕ ಸಿಗುವುದು ಪುಣ್ಯ. ಉಳಿದವರು "ಚೆನ್ನಾಗಿದೆ", "ಹಾಳಾಗಿದೆ" ಎಂದು ಬರೆದರೆ ಅವನು ಬರೆಯುವುದು ಹೀಗೆ: "ಏಳೂ ಐದಕ್ಕೆ ಬ್ಯಾಟರಿ ನೂರು, ಹನ್ನೆರಡಕ್ಕೆ ಎಂಬತ್ತೊಂದು. ಎರಡು ಸಲ ತಾನಾಗಿ ಆರಿ ಹತ್ತಿತು. ಎರಡನೆಯ ಸಲ ನಾನು ಅದನ್ನು ಹಲಗೆಗಳ ಮೇಲಿಂದ ಬೀಳಿಸಿದ್ದೆ, ಆದ್ದರಿಂದ ಅದು ನಿಮ್ಮ ತಪ್ಪಲ್ಲ." ಹೊಸ ಆವೃತ್ತಿಯನ್ನು ಎಲ್ಲರಿಗೂ ಬಿಡುವ ಮೊದಲು ಅವನಿಗೂ ಇನ್ನಿಬ್ಬರಿಗೂ ಕಳಿಸಿ ಎರಡು ವಾರ ಕಾಯುವುದು ಅವಳೇ ಮಾಡಿಕೊಂಡ ನಿಯಮ. ಆ ಎರಡು ವಾರ ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಸೀಸದ ಗಾಜಿನ ಹಿಂದೆ, ಕೈ ತಾನಾಗಿ ಜೇಬಿಗೆ ಹೋಗಿ ಫೋನು ತೆಗೆಯುತ್ತಿತ್ತು.

ಹದಿನಾಲ್ಕನೆಯ ಆವೃತ್ತಿಗೆ ಕಾರಣನಾದವನೂ ಮಿಲ್ಲಿನವನೇ. "ಗರಗಸ ಓಡುವಾಗ ಜೇಬಿನಲ್ಲಿ ಏನೂ ತಿಳಿಯುವುದಿಲ್ಲ. ಕಂಪನ ಇನ್ನಷ್ಟು ಜೋರಾಗಬಹುದೇ?" ಎಂದು ಕೇಳಿದ್ದ. ಮೂಲ ಕಡತದಲ್ಲಿ ಮೋಟಾರಿಗೆ ಇಷ್ಟಕ್ಕಿಂತ ಹೆಚ್ಚು ವೋಲ್ಟು ಕೊಡಬೇಡ ಎಂದು ತಡೆಯುವ ಒಂದು ಸಾಲಿತ್ತು. ಅವಳು ಅದನ್ನು ತೆಗೆದಳು. ಪರೀಕ್ಷೆಯ ಫೋನು ಮೇಜನ್ನೇ ನಡುಗಿಸಿತು. ಎರಡು, ಮೂರು, ನಾಲ್ಕು ದಿನ ಏನೂ ಆಗಲಿಲ್ಲ. ಕಟ್ಟೆಯಲ್ಲಿ ಜನ "ಯಾವಾಗ? ಯಾವಾಗ?" ಎನ್ನುತ್ತಿದ್ದರು. ಅವರಿಗಿಂತ ಹೆಚ್ಚು ಅವಸರ ಅವಳದೇ. ನಾಲ್ಕನೆಯ ದಿನ ಮಿಲ್ಲಿನವನು ಬರೆದ: "ಇಲ್ಲಿಯವರೆಗೆ ಸರಿ ಇದೆ. ಆದರೆ ನನ್ನ ಪರೀಕ್ಷೆ ಮುಗಿದಿಲ್ಲ, ಇನ್ನೊಂದು ವಾರ ಕೊಡಿ." "ಸರಿ ಇದೆ" ಎಂಬಲ್ಲಿಗೇ ಅವಳು ಓದಿ ನಿಲ್ಲಿಸಿದಳು ಎಂದೇ ಹೇಳಬೇಕು. ಊಟದ ಬಿಡುವಿನಲ್ಲಿ ಹದಿನಾಲ್ಕನ್ನು ಎಲ್ಲರಿಗೂ ಬಿಟ್ಟಳು. ಸಂಜೆ ಅಕ್ಕ ಸ್ನಾನಕ್ಕೆ ಹೋದಾಗ ಅವಳ ಫೋನಿಗೂ ಹಾಕಿಟ್ಟಳು. ಐದು ನಿಮಿಷದ ಕೆಲಸ, ಹೇಳುವಂಥದ್ದೇನಿದೆ ಎಂದುಕೊಂಡಳು.

ಆ ಹೊತ್ತಿನಲ್ಲಿ ಅಕ್ಕ ಒಂದು ಉತ್ತರಕ್ಕಾಗಿ ಕಾಯುತ್ತಿದ್ದಳು. ದೊಡ್ಡ ನಾಟಕಮಂದಿರವೊಂದರ ಉಡುಪು ವಿಭಾಗಕ್ಕೆ ತನ್ನ ಹೊಲಿಗೆಯ ಮೂರು ಮಾದರಿಗಳನ್ನು ಕೊಟ್ಟು ಬಂದಿದ್ದಳು. ಇಪ್ಪತ್ತೆರಡು ವರ್ಷ ಬೇರೆಯವರು ಹೊಲಿದದ್ದನ್ನು ಬಿಚ್ಚುತ್ತಾ ಬಂದವಳಿಗೆ ಬಟ್ಟೆಯನ್ನು ಮೊದಲ ಕತ್ತರಿಯಿಂದ ತಾನೇ ಶುರುಮಾಡಬೇಕೆಂಬ ಆಸೆ. ಅಲ್ಲಿನ ಮೇಲ್ವಿಚಾರಕಿ, "ಮೆಸೇಜು ಮಾಡ್ತೀನಿ, ಆವತ್ತೇ ಬರಬೇಕಾಗುತ್ತೆ" ಎಂದಿದ್ದಳು.

ಹದಿನಾಲ್ಕನ್ನು ಹಾಕಿದ ಆರನೆಯ ದಿನ ಪಾದರಸ ಮನೆಗೆ ಬಂದಾಗ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿತ್ತು. ಹಗಲು ಹೊತ್ತಿನಲ್ಲಿ ಅದಕ್ಕೆ ಮುಸುಕು ಹಾಕಿದ್ದನ್ನು ಅವಳು ನೋಡಿದ್ದೇ ಇಲ್ಲ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಫೋನನ್ನು ತಂಗಿಯ ಅಂಗೈಯಲ್ಲಿಟ್ಟು, "ಒಂದು ಮೆಸೇಜ್ ಕಳಿಸು" ಎಂದಳು.

ಕಳಿಸಿದಳು. ಪರದೆ ಬೆಳಗಿತು. ಅಂಗೈಯಲ್ಲಿ ಏನೂ ಇಲ್ಲ.

"ಯಾವಾಗಿಂದ ಹೀಗೆ?"

"ನನ್ನನ್ನ ಕೇಳ್ತೀಯಾ? ನನಗೆ ಹೇಗೆ ಗೊತ್ತಾಗಬೇಕಿತ್ತು?" ಅಕ್ಕ ಮೆಸೇಜು ತೆರೆದು ತೋರಿಸಿದಳು. ಹನ್ನೆರಡೂವರೆಗೆ ಬಂದದ್ದು. ಮೂರು ಗಂಟೆಗೆ ಕತ್ತರಿ ಪರೀಕ್ಷೆ, ಬರ್ತೀನಿ ಅಂತ ಒಂದು ಗಂಟೆಯೊಳಗೆ ತಿಳಿಸಿ, ಇಲ್ಲದಿದ್ದರೆ ಮುಂದಿನವರನ್ನು ಕರೆಯಬೇಕಾಗುತ್ತೆ. "ನಾನು ನೋಡಿದಾಗ ನಾಲ್ಕೂ ಮುಕ್ಕಾಲು. ಏಪ್ರನ್ ಜೇಬಲ್ಲೇ ಇತ್ತು. ಮೈಗೆ ತಾಗಿಕೊಂಡೇ ಇತ್ತು."

"ಅಕ್ಕ, ಅದು... ಹೊಸ ಆವೃತ್ತಿ ಹಾಕಿದ್ದೆ. ಮೋಟಾರ್ ಸುಟ್ಟಿರಬೇಕು. ನಾನು ಈಗಲೇ..." ಎನ್ನುತ್ತಾ ಪಾದರಸ ಕಂಪ್ಯೂಟರಿನತ್ತ ತಿರುಗಿದಳು.

ಅಕ್ಕ ಅವಳ ತೋಳು ಹಿಡಿದು ತನ್ನ ಕಡೆಗೆ ತಿರುಗಿಸಿದಳು. "ಮುಖ ಇಲ್ಲಿಡು. ನಾನು ಮುಂಚೆ ದಾರ ಬದಲಾಯಿಸಿದಾಗೆಲ್ಲ ಒಂದು ಸಲ ಫೋನ್ ನೋಡ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ. ನೀನು ಬಾಗಿಲಾಚೆ ನಿಂತಿದ್ದು ಒಂದೇ ದಿನ. ಅವತ್ತು ಒಂದೇ ದಾರದಲ್ಲಿ ಇಡೀ ಕೋಟು ಮುಗಿಸಿದ್ದೆ, ಅದಕ್ಕೆ ಹಾಗಾಯ್ತು. ನೀನು ಬಂದು ಇನ್ನು ನೋಡೋದೇ ಬೇಡ ಅಂದೆ. ನಂಬಿ ಬಿಟ್ಟೆ. ನನ್ನದು ಅಂತ ಒಂದು ಅಭ್ಯಾಸ ಇತ್ತು, ಅದೂ ಹೋಯ್ತು, ಇದೂ ಹೋಯ್ತು."

"ನಿನಗೆ ಒಳ್ಳೇದಾಗ್ಲಿ ಅಂತ ತಾನೇ..."

"ಶುರುವಲ್ಲಿ ಹೌದು. ಆಮೇಲೆ ನಿನ್ನ ಚಟಕ್ಕೆ. ಹಾಕ್ಲಾ ಅಂತ ಒಂದು ಮಾತು ಕೇಳಿದ್ಯಾ? ನಾನೇನು ಆ ಒಡಕು ಫೋನುಗಳ ಸಾಲಲ್ಲಿ ಮೂರನೇದಾ?"

ಅಕ್ಕ ಎದ್ದು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಂಡ ಅಕ್ಕನನ್ನು ಹೊರಗಿನಿಂದ ಕರೆಯುವ ಉಪಾಯ ಜಗತ್ತಿನಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಮರುದಿನ ಬೆಳಗ್ಗೆಯಿಂದ ಕಟ್ಟೆಯಲ್ಲಿ ದೂರುಗಳು ಬಂದು ಬೀಳತೊಡಗಿದವು. ಮೋಟಾರ್ ಗೊರಗೊರ ಅನ್ನುತ್ತಿದೆ. ಮೋಟಾರ್ ನಿಂತಿದೆ. ಒಂಬತ್ತು ಜನ, ಹದಿನಾಲ್ಕು ಜನ, ಇಪ್ಪತ್ತಮೂರು. ಅವಳು ಎಕ್ಸ್‌ರೇ ಕೋಣೆಯಲ್ಲಿದ್ದಳು. ಯಂತ್ರದ ಮುಂದೆ ತೆಳ್ಳನೆಯ ಒಬ್ಬ ಮುದುಕ, ಬರಿ ಎದೆ, ಎರಡೂ ಕೈ ಸೊಂಟದ ಮೇಲೆ. "ಜೋರಾಗಿ ಉಸಿರು ತಗೊಂಡು ಹಿಡ್ಕೊಳ್ಳಿ ಅಜ್ಜ" ಎಂದು ಹೇಳಿ ಗಾಜಿನ ಹಿಂದೆ ಹೋದಳು. ಜೇಬಿನಲ್ಲಿ ಫೋನು ಅದುರಿತು. ತೆಗೆದಳು. ಮಿಲ್ಲಿನವನು ಬರೆದಿದ್ದ: "ನಿನ್ನೆ, ಹತ್ತನೆಯ ದಿನ, ಹನ್ನೊಂದೂ ನಲವತ್ತಕ್ಕೆ ನನ್ನ ಮೋಟಾರ್ ನಿಂತಿತು. ಒಂದು ವಾರ ಕೇಳಿದ್ದೆ." ಅಷ್ಟೇ. ಬೈಗುಳವಿಲ್ಲ, ಮುಂದೊಂದು ಮಾತಿಲ್ಲ. ಅವಳು ಆ ಎರಡು ವಾಕ್ಯಗಳನ್ನು ಓದಿದಳು. ಮತ್ತೆ ಓದಿದಳು.

ಗಾಜಿನ ಆಚೆಯಿಂದ ಬಿಗಿಹಿಡಿದ ಗಂಟಲಿನ ದನಿ ಬಂತು. "ಅಮ್ಮಾ... ಉಸಿರು... ಬಿಡ್ಲಾ?"

ತಲೆ ಎತ್ತಿದಳು. ಮುದುಕನ ಮುಖ ಕೆಂಪಾಗಿ ಕುತ್ತಿಗೆಯ ನರ ಉಬ್ಬಿತ್ತು. ಗಾಬರಿಯಲ್ಲಿ ಗುಂಡಿ ಒತ್ತಿದಳು. ಅದೇ ಗಳಿಗೆಗೆ ಅವನ ಮೊಣಕಾಲು ಸಡಿಲಿತು. ಓಡಿ ಹೋಗಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂರಿಸಿದಳು. ನೀರು ಕುಡಿದು ಸುಧಾರಿಸಿಕೊಂಡ ಮುದುಕ, ತಪ್ಪು ತನ್ನದೇ ಎಂಬಂತೆ, "ನೀವು ಬಿಡಿ ಅನ್ನಲೇ ಇಲ್ಲ, ಅದಕ್ಕೇ ಹಿಡ್ಕೊಂಡಿದ್ದೆ" ಎಂದ. ಚಿತ್ರ ಮಸುಕಾಗಿತ್ತು. ಎರಡನೆಯ ಸಲ ತೆಗೆಯಬೇಕಾಯಿತು.

ವಿಭಾಗದ ಮುಖ್ಯಸ್ಥೆಯಾದ ಡಾಕ್ಟರರ ಕೋಣೆಗೆ ಅವಳಾಗಿಯೇ ಹೋದಳು. "ಮೇಡಂ, ಒಬ್ಬರಿಗೆ ಎರಡು ಸಲ ಎಕ್ಸ್‌ರೇ ತೆಗೀಬೇಕಾಯ್ತು. ನಾನು ಫೋನ್ ನೋಡ್ತಿದ್ದೆ. ತಪ್ಪು ನಂದು."

ಡಾಕ್ಟರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಹದಿನಾರು ವರ್ಷದಲ್ಲಿ ಮೊದಲನೇ ಸಲ ಅಲ್ವಾ?"

"ಹೌದು ಮೇಡಂ."

"ನಾಳೆಯಿಂದ ಫೋನ್ ಲಾಕರ್‌ನಲ್ಲಿ ಇರ್ಲಿ. ನೋಡಮ್ಮ, ನಿನ್ನ ಕಾಲು ಅಲ್ಲಾಡಿದ್ರೆ ನನಗೇನೂ ತೊಂದರೆ ಇಲ್ಲ. ಕಣ್ಣು ಅಲ್ಲಾಡಬಾರದು."

ಅಂದು ಊಟದ ಬಿಡುವಿನಲ್ಲಿ ಅವಳು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಕಟ್ಟೆಯಲ್ಲಿ ಬರೆದಳು: "ಹದಿನಾಲ್ಕನ್ನು ಈಗಲೇ ತೆಗೆದು ಹದಿಮೂರಕ್ಕೆ ಹಿಂತಿರುಗಿ. ಸುರಕ್ಷತೆಯ ಒಂದು ಮಿತಿಯನ್ನು ನಾನು ಕಿತ್ತುಹಾಕಿದೆ, ಪರೀಕ್ಷೆ ಮುಗಿಯುವ ಮೊದಲೇ ಬಿಟ್ಟೆ. ಪರೀಕ್ಷಕರೊಬ್ಬರು ತಡೆಯಿರಿ ಎಂದಿದ್ದರು, ನಾನು ಕೇಳಲಿಲ್ಲ." ಕೆಲವರು ಪರವಾಗಿಲ್ಲ ಎಂದರು. ಕೆಲವರು ಜನ್ಮ ಜಾಲಾಡಿದರು. ಒಬ್ಬ, "ಪುಕ್ಕಟೆ ಸಿಕ್ಕಿದ್ದಕ್ಕೆ ಇನ್ನೇನಾಗುತ್ತೆ" ಎಂದ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಎಲ್ಲ ಬೈಗುಳಗಳನ್ನೂ ಅಳಿಸದೆ ಹಾಗೇ ಇರಗೊಟ್ಟಳು.

ಅಕ್ಕ ಮಾತು ನಿಲ್ಲಿಸಿದ್ದಳು. ಕೇಳಿದ್ದಕ್ಕೆ ತಲೆಯಾಡಿಸುವಳು, ಅಷ್ಟೆ. ಮೂರು ದಿನ ಇದನ್ನು ತಾಳಿದ ಪಾದರಸ ನಾಲ್ಕನೆಯ ದಿನ ಡ್ಯೂಟಿ ಮುಗಿಸಿ ನೇರ ನಾಟಕಮಂದಿರಕ್ಕೆ ಹೋದಳು. ಹಿಂಬಾಗಿಲಿನಿಂದ ಕೇಳಿಕೊಂಡು, ತಲೆಯಿಲ್ಲದ ಬೊಂಬೆಗಳಿಗೆ ಅರ್ಧ ಹೊಲಿದ ಅಂಗಿ ತೊಡಿಸಿದ್ದ ಉದ್ದನೆಯ ಕೋಣೆಗೆ ಬಂದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಮೇಲ್ವಿಚಾರಕಿ ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ದಿಂಬಿಗೆ ಚುಚ್ಚುವವರೆಗೆ ಇವಳು ಮೂರು ಸಲ ಮಾತು ಶುರುಮಾಡಿ ನಿಲ್ಲಿಸಿದ್ದಳು.

"ನಮ್ಮಕ್ಕಂದು ತಪ್ಪಿಲ್ಲ. ಫೋನ್ ಹಾಳು ಮಾಡಿದ್ದು ನಾನು. ಇನ್ನೊಂದು ಅವಕಾಶ..."

"ನಿಮ್ಮಕ್ಕ ಮೊನ್ನೆನೇ ಬಂದಿದ್ರಲ್ಲ."

"ಯಾರು? ಅಕ್ಕನಾ?"

"ಹ್ಞೂಂ. ಫೋನ್ ಕೆಟ್ಟಿತ್ತು ಅಂದ್ರು. ಕತ್ತರಿ ಕೊಡಿ, ಕೆಲಸ ಇಲ್ಲದಿದ್ರೂ ಪರವಾಗಿಲ್ಲ, ಕೈ ನೋಡಿ ಅಂದ್ರು. ನೋಡ್ದೆ. ಈ ನಾಟಕಕ್ಕೆ ಜನ ತಗೊಂಡಾಯ್ತು. ಮುಂದಿನದಕ್ಕೆ ಕರೀತೀನಿ ಅಂದಿದೀನಿ." ಅವಳು ಮತ್ತೆ ಸೂಜಿಗೆ ಕೈ ಹಾಕುತ್ತಾ, "ನಿಮ್ಮ ಬಗ್ಗೆ ಏನೂ ಹೇಳ್ಲಿಲ್ಲಪ್ಪ" ಎಂದಳು.

ಪಾದರಸ ಬಸ್ಸು ಹತ್ತಲಿಲ್ಲ. ನಡೆದೇ ಮನೆಗೆ ಬಂದಳು. ದಾರಿಯುದ್ದಕ್ಕೂ ಅವಳನ್ನು ತಿನ್ನುತ್ತಿದ್ದದ್ದು ಒಂದೇ: ತಾನು ಮೂರು ದಿನ ಒದ್ದಾಡುತ್ತಿದ್ದಾಗ ಅಕ್ಕ ಎರಡನೆಯ ದಿನವೇ ಚಪ್ಪಲಿ ಮೆಟ್ಟಿ ಹೋಗಿ ಕೆಲಸ ಮುಗಿಸಿಕೊಂಡು ಬಂದಿದ್ದಳು. ತಾನು ನಾಟಕಮಂದಿರಕ್ಕೆ ಹೋಗಿದ್ದನ್ನು ಅವಳು ಅಕ್ಕನಿಗೆ ಹೇಳಲಿಲ್ಲ. ಒಂದು ವಾರದ ಮೇಲೆ ಹೇಳಿದಳು. ಅಕ್ಕ, "ಗೊತ್ತು, ಅವರೇ ಮೆಸೇಜ್ ಮಾಡಿದ್ರು. ನಿಮ್ಮ ತಂಗಿ ಗಾಳಿ ಹಾಗೆ ಬಂದು ಹೋದ್ರು ಅಂತ" ಎಂದಳು. ಅದು ಆ ದಿನಗಳಲ್ಲಿ ಅಕ್ಕ ಆಡಿದ ಮೊದಲ ಉದ್ದದ ಮಾತು.

ಹೊಸ ಮೋಟಾರುಗಳು ಟಪಾಲಿನಲ್ಲಿ ಬಂದವು. ಒಂದೊಂದೂ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ಕೂದಲಿನಂಥ ಎರಡು ತಂತಿ. ರಜೆಯ ದಿನ ಪಾದರಸ ಫೋನು ಬಿಚ್ಚಿ ಬೆಸುಗೆ ಹಾಕಲು ಕೂತಳು. ಮೊದಲ ಮೋಟಾರಿನ ತಂತಿ ಕಿತ್ತಿತು. ಎರಡನೆಯದರದು ಸುಟ್ಟಿತು. ಮೂರನೆಯದನ್ನು ಎತ್ತಿಕೊಂಡಾಗ ಹಿಂದಿನಿಂದ ಒಂದು ಕೈ ಬಂದು ಚಿಮುಟ ಕಿತ್ತುಕೊಂಡಿತು.

"ಏಳು. ನೋಡಕ್ಕಾಗ್ತಿಲ್ಲ."

ಅಕ್ಕ ಕೂತಳು. ಬೆಸುಗೆಯ ಕಡ್ಡಿಯನ್ನು ಜೀವಮಾನದಲ್ಲಿ ಹಿಡಿದವಳಲ್ಲ. ಹೇಗೆ ಹಿಡಿಯಬೇಕೆಂದು ಒಮ್ಮೆ ಕೇಳಿದಳು, ಉಸಿರು ಬಿಗಿಹಿಡಿದು ಎರಡು ಚುಕ್ಕಿ ಇಟ್ಟಳು. ಮುಗಿಯಿತು. ಪಾದರಸ ಮೆಸೇಜು ಕಳಿಸಿದಳು, ಫೋನು ಅದುರಿತು. ಅಕ್ಕ ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು.

"ಇನ್ನೊಂದು ಕಳಿಸು." ಕಳಿಸಿದಳು. "ಈಗ ಕಡಿಮೆ ಮಾಡಿ ಕಳಿಸು." ಕಳಿಸಿದಳು. "ಇನ್ನೂ ಕಡಿಮೆ."

ಒಂದು ಗಂಟೆಯ ಹೊತ್ತು ಅದೇ ನಡೆಯಿತು. ಕೊನೆಗೆ ಅಕ್ಕ ಕಣ್ಣು ತೆರೆದಳು. "ಜೋರು ಯಾಕೆ ಬೇಕು ನಿನಗೆ? ಒಂದೇ ಸಮನೆ ಗುಂಯ್ ಅಂದ್ರೆ ಹೊಲಿಗೆ ಮಿಷನ್ ಅದುರೋದರಲ್ಲಿ ಸೇರಿಹೋಗುತ್ತೆ. ಬಿಟ್ಟು ಬಿಟ್ಟು ಬರ್ಲಿ. ಎರಡು ಚಿಕ್ಕದು, ಒಂದು ಉದ್ದ, ಆಮೇಲೆ ಸುಮ್ಮನೆ. ಆ ಸುಮ್ಮನೆ ಇರೋದೇ ಗೊತ್ತಾಗೋದು."

ಇಷ್ಟು ದಿನ ವೋಲ್ಟಿನ ಸಂಖ್ಯೆಯನ್ನೇ ಹಿಡಿದು ಜಗ್ಗುತ್ತಿದ್ದ ಪಾದರಸ ಪೆನ್ನು ಹುಡುಕಿ ಅಂಗೈ ಮೇಲೆ ಎರಡು ಚುಕ್ಕಿ, ಒಂದು ಗೆರೆ ಬರೆದುಕೊಂಡಳು.

ಹದಿನೈದನೆಯ ಆವೃತ್ತಿಯಲ್ಲಿ ತೆಗೆದ ಮಿತಿಯ ಸಾಲು ವಾಪಸು ಬಂತು; ಶಕ್ತಿ ಹದಿಮೂರಕ್ಕಿಂತಲೂ ಕಡಿಮೆಯಾಯಿತು; ಬದಲಿಗೆ ಕಂಪನ ಬಿಟ್ಟು ಬಿಟ್ಟು ಬರತೊಡಗಿತು. ಯಾವಾಗ ಬಿಡಬೇಕೆಂಬುದನ್ನು ಅಕ್ಕ ತೀರ್ಮಾನಿಸುವುದೆಂದು ಒಪ್ಪಂದವಾಯಿತು. ಎರಡು ವಾರವಾಯಿತು. "ಬಿಡ್ಲಾ?" "ಬೇಡ." ಮೂರು ವಾರ. "ಈಗ?" "ದಾರ ಬದಲಾಯಿಸ್ತಾ ನಾನು ಇನ್ನೂ ನೋಡ್ತಾ ಇದೀನಿ. ನೋಡಿದಾಗೆಲ್ಲ ಅದು ಸರಿಯಾಗಿದ್ರೆ ಹೇಳ್ತೀನಿ." ಪಾದರಸ ಮನೆಯ ಉದ್ದಗಲ ಅಳೆದಳು, ಕಪಾಟಿನ ಬಟ್ಟೆಯೆಲ್ಲ ಎರಡು ಸಲ ಮಡಿಚಿದಳು, ನಲ್ಲಿಯ ವಾಷರ್ ಬದಲಿಸಿದಳು, ಬದಲಿಸಬೇಕಾಗಿಲ್ಲದ್ದನ್ನೂ ಬದಲಿಸಿದಳು. ಐದನೆಯ ವಾರದ ಕೊನೆಗೆ ಅಕ್ಕ ತಲೆಯಾಡಿಸಿದಳು. ಮಿಲ್ಲಿನವನು ಪರೀಕ್ಷೆಗೆ ಒಪ್ಪುವನೋ ಇಲ್ಲವೋ ಎಂಬ ಅಂಜಿಕೆಯಿತ್ತು. ಅವನು ಹಳೆಯ ಮಾತೊಂದನ್ನೂ ಎತ್ತದೆ, "ಹೊಸ ಮೋಟಾರ್ ಹಾಕಿಸಿದ್ದೇನೆ. ಗರಗಸ ಓಡುವಾಗ ಹತ್ತರಲ್ಲಿ ಒಂಬತ್ತು ಸಲ ಗೊತ್ತಾಯಿತು. ಹತ್ತನೆಯ ಸಲ ನಾನು ಊಟ ಮಾಡುತ್ತಿದ್ದೆ" ಎಂದು ಬರೆದ.

ಮುಂದಿನ ನಾಟಕಕ್ಕೆ ಅಕ್ಕನಿಗೆ ಕರೆ ಬಂತು. ಅದರ ಮುಂದಿನದಕ್ಕೂ ಬಂತು. ಈಗ ಅವಳು ಅಲ್ಲಿ ಕಾಯಂ. ಕಾಯಂ ಆದ ತಿಂಗಳು ಅಂಗಡಿಗೆ ಒಬ್ಬಳೇ ಹೋಗಿ ಹೊಸ ಫೋನು ತಂದಳು. ಪೆಟ್ಟಿಗೆ ಬಿಚ್ಚುವ ಮೊದಲೇ ತಂಗಿಯ ಕಡೆ ಬೆರಳು ತೋರಿಸಿದಳು.

"ಇದನ್ನ ಮುಟ್ಟಿದ್ಯೋ, ಕೈ ಮುರೀತೀನಿ."

"ನಾನ್ಯಾಕೆ ಮುಟ್ಲಿ?"

"ರೂಟು ಗೀಟು ಏನೂ ಇಲ್ಲ. ಅಂಗಡಿಯವನು ಕೊಟ್ಟ ಹಾಗೇ ಇರ್ಬೇಕು."

"ಆಯ್ತು ಅಂದ್ನಲ್ಲ."

ಪಾದರಸ ಮಾತಿಗೆ ತಪ್ಪಿಲ್ಲ. ಆದರೆ ಅಕ್ಕ ಪಕ್ಕದ ಕೋಣೆಯಲ್ಲಿದ್ದಾಗ ಆ ಫೋನಿಗೆ ಒಂದು ಮೆಸೇಜು ಕಳಿಸಿ, ಅದು ಮೇಜಿನ ಮೇಲೆ ಅದುರುವುದನ್ನು ಬಗ್ಗಿ ನೋಡಿದಳು. ಪರವಾಗಿಲ್ಲ, ಆದರೆ ಇನ್ನೂ ಚೆನ್ನಾಗಿರಬಹುದಿತ್ತು. ಆ ಮಾದರಿಯ ಕರ್ನಲಿನ ಮೂಲ ಕಡತಗಳನ್ನು ಕಂಪನಿ ಎಲ್ಲಿಯಾದರೂ ಹಾಕಿದೆಯೇ ಎಂದು ಹುಡುಕಿದಳು. ಸಿಗಲಿಲ್ಲ. ಕೇಳುವುದರಲ್ಲಿ ತಪ್ಪೇನಿಲ್ಲ ಎಂದು ಕಂಪನಿಗೆ ಒಂದು ಇಮೇಲು ಬರೆದಳು. ಉತ್ತರವಿಲ್ಲ. ಎರಡನೆಯದಕ್ಕೆ, ನಿಮ್ಮ ಕೋರಿಕೆ ನಮಗೆ ತಲುಪಿದೆ ಎಂಬ ಯಂತ್ರದ ಉತ್ತರ ಬಂತು. ಕಳೆದ ವಾರ, ಡ್ಯೂಟಿ ಶುರುವಾಗಲು ಹತ್ತು ನಿಮಿಷವಿರುವಾಗ, ಲಾಕರ್ ಕೋಣೆಯಲ್ಲಿ ನಿಂತುಕೊಂಡೇ ನಾಲ್ಕನೆಯದನ್ನು ಕಳಿಸಿದಳು. ಫೋನನ್ನು ಒಳಗಿಟ್ಟು ಬೀಗ ಹಾಕಿ, ಕೀಯನ್ನು ಜೇಬಿಗೆ ಸೇರಿಸಿ, ಮೊದಲ ರೋಗಿಯ ಚೀಟಿ ತೆಗೆದುಕೊಂಡು ಒಳಗೆ ಹೋದಳು.